ಲಾರಿ ಹೊರಡುವ ಮೊದಲು ಲೆಕ್ಕ ಬರೆಯುವವರು ಹೊರಡಲಿ: ಈ ಮಳೆಗಾಲದ ನೆರೆ ತಯಾರಿ ಬಗ್ಗೆ ಪುಣೆ, ಮುಂಬೈ, ಗೋವಾ ಕನ್ನಡಿಗರ ಚರ್ಚೆ

ಚಾಕಣ್ ಗೋದಾಮು, ಪುಣೆ · ಮೇ 17, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಕೃಷ್ಣೆ ಉಕ್ಕುವುದು ಸಾಮಾನ್ಯವಾಗಿ ಜುಲೈ ಕೊನೆಗೆ, ಇಲ್ಲವೇ ಆಗಸ್ಟ್ ಮೊದಲ ಹದಿನೈದು ದಿನದಲ್ಲಿ. ಅಂದರೆ ನಮ್ಮ ಕೈಯಲ್ಲಿ ಎರಡು ತಿಂಗಳಿದೆ. ನೀರು ಬಂದ ಮೇಲೆ ಓಡಾಡುವ ಬದಲು ಈಗಲೇ ಮಾತಾಡೋಣ ಅಂತ ಬರೆಯುತ್ತಿದ್ದೇನೆ.

ನಾನು ಚಾಕಣದಲ್ಲಿ ಗಾಡಿ ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಊರು ಜಮಖಂಡಿ ಕಡೆ. 2019ರ ಆಗಸ್ಟ್‌ನಲ್ಲಿ ನಮ್ಮ ಸೊಸೈಟಿಯವರೆಲ್ಲ ಸೇರಿ ಒಂದು ಐಷರ್ ಗಾಡಿ ತುಂಬಿಸಿದೆವು. ನಾನು ಎಂಟು ದಿನ ರಜೆ ಹಾಕಿ ಅದರ ಜೊತೆ ಹೋದೆ. ಆಗ ಪಂಚಗಂಗೆ ನದಿಯ ನೀರು ಕೊಲ್ಲಾಪುರದ ಹತ್ತಿರ ಹೆದ್ದಾರಿ ಮೇಲೇ ಬಂದಿತ್ತು. ಪುಣೆ–ಬೆಂಗಳೂರು ರಸ್ತೆ ದಿನಗಟ್ಟಲೆ ಬಂದ್. ನಾವು ಸೊಲ್ಲಾಪುರ, ವಿಜಯಪುರ ಸುತ್ತಿ ಹೋದೆವು.

ತಾಲೂಕು ಊರಿನ ಒಂದು ಶಾಲೆ ಮುಟ್ಟಿದಾಗ ರಾತ್ರಿ ಎರಡೂವರೆ. ನಮ್ಮ ಮುಂದೆ ನಾಲ್ಕು ಲಾರಿ ನಿಂತಿದ್ದವು. ಹಾಲ್‌ಗೆ ಬೀಗ. ಕೀಲಿ ಇದ್ದ ಮೇಷ್ಟ್ರು ಸ್ವತಃ ಮನೆ ಮುಳುಗಿ ಕಾಳಜಿ ಕೇಂದ್ರದಲ್ಲಿ, ಅಂದರೆ ನೆರೆ ಸಂತ್ರಸ್ತರ ಶಿಬಿರದಲ್ಲಿ, ಮಲಗಿದ್ದರು. ಇಳಿಸಲು ಜನ ಇಲ್ಲ. ಮೊದಲ ಲಾರಿಯ ಚಾಲಕನಿಗೆ ಬೆಳಗ್ಗೆ ಬೇರೆ ಬಾಡಿಗೆ ಇತ್ತು. ಅವನು ಎಲ್ಲವನ್ನೂ ಜಗುಲಿ ಮೇಲೆ ಸುರಿದು ಹೋದ. ಬೆಳಗಾಗುವ ಹೊತ್ತಿಗೆ ಕೆಳಗಿನ ಸಾಲಿನ ಬಿಸ್ಕತ್ತು, ಅವಲಕ್ಕಿ ಎಲ್ಲ ನೆನೆದು ಹೋಗಿತ್ತು. ಕೀಲಿ ಸಿಕ್ಕಿ ಬಾಗಿಲು ತೆಗೆದ ಮೇಲೆ ನೋಡಿದರೆ ಬಾಗಿಲು ಬಹಳ ಕಿರಿದು. ಅಕ್ಕಿ ಮೂಟೆ ಹೊತ್ತವರು ಅಡ್ಡ ತಿರುಗಿ ಒಳಗೆ ಹೋಗಬೇಕು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರುವ ಹಾಗಿಲ್ಲ. ಐದು ಲಾರಿ ಖಾಲಿ ಮಾಡಲು ಮಧ್ಯಾಹ್ನವಾಯಿತು.

ಆದರೆ ನಾನು ಹೇಳಬೇಕಾದ್ದು ಆ ರಾತ್ರಿಯ ಕಥೆ ಅಲ್ಲ. ಆ ಮೇಷ್ಟ್ರ ಕಥೆ. ಆರು ದಿನ ಅವರೊಬ್ಬರೇ ದಾಸ್ತಾನು ಪುಸ್ತಕ ಬರೆದರು. ಏನು ಬಂತು, ಯಾವ ಊರಿಗೆ ಎಷ್ಟು ಹೋಯಿತು, ಯಾರು ಸಹಿ ಹಾಕಿ ಒಯ್ದರು. ಅವರ ಪುಸ್ತಕದಿಂದಲೇ ಇಡೀ ತಾಲೂಕಿನ ಹಂಚಿಕೆ ನಡೆಯುತ್ತಿತ್ತು. ಏಳನೇ ದಿನ ಅವರಿಗೆ ಜ್ವರ ಬಂತು. ಮಲಗಿಬಿಟ್ಟರು. ಪುಸ್ತಕ ನಿಂತಿತು. ಅವತ್ತು ಒಂದೇ ಹಳ್ಳಿಗೆ ಎರಡು ಗಾಡಿ ಹೋಯಿತು. ಆರು ಕಿಲೋಮೀಟರ್ ಆಚೆಯ ಇನ್ನೊಂದು ಹಳ್ಳಿಗೆ ಏನೂ ಹೋಗಲಿಲ್ಲ. ಹಾಲ್‌ನಲ್ಲಿ ಸಾಮಾನು ಆಳೆತ್ತರ ಬಿದ್ದಿತ್ತು. ಆ ಹಳ್ಳಿಯಿಂದ ಒಬ್ಬರು ಅಜ್ಜ ನಡೆದು ಬಂದು, ‘ಹಿಟ್ಟ ಐತೇನ್ರಿ?’ ಅಂತ ಕೇಳಿದರು. ಇದೆಯೋ ಇಲ್ಲವೋ ಹೇಳಲು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ನನಗೆ ಒಂದೇ ಯೋಚನೆ. ನಮ್ಮ ಕಡೆಯಿಂದ ಸಾಮಾನು ಹೋಗುತ್ತದೆ. ಅದಕ್ಕೆ ಕೊರತೆ ಇಲ್ಲ. ಲೆಕ್ಕ ಹಿಡಿಯುವ, ಇಳಿಸುವ, ಪಾಳಿ ಬದಲಿಸುವ ಜನ ಹೋಗುವುದಿಲ್ಲ. ಈ ಸಲ ಲಾರಿಗಿಂತ ಎರಡು ದಿನ ಮೊದಲು ನಾಲ್ಕು ಜನ ಹೊರಡಬೇಕು. ಅವರ ಹಿಂದೆ ಇನ್ನೂ ನಾಲ್ಕು ಜನ ಚೀಲ ಕಟ್ಟಿಕೊಂಡು ತಯಾರಿರಬೇಕು. ಯಾರು ಬರುತ್ತೀರಿ?

ಹಿಂಜವಡಿ ಹುಡುಗ · ಮೇ 17, ರಾತ್ರಿ 10:22

ಅಣ್ಣಾ, ನಾನು ಬರುತ್ತೇನೆ. ದಾಸ್ತಾನು ಬರೆಯಲು ಮೊಬೈಲಿನಲ್ಲೇ ಶೀಟ್ ಮಾಡಿಕೊಡಬಲ್ಲೆ. ಎಲ್ಲರಿಗೂ ಒಂದೇ ಹೊತ್ತಿಗೆ ಕಾಣುತ್ತದೆ. ಒಂದು ಪ್ರಶ್ನೆ. ಜನ ಬಟ್ಟೆ, ನೀರಿನ ಬಾಟಲಿ ತಂದು ಕೊಟ್ಟರೆ ಬೇಡ ಅನ್ನಲು ಆಗುತ್ತಾ? ಮನಸ್ಸಿಟ್ಟು ಕೊಡುತ್ತಾರೆ ಅಲ್ವಾ?

ಚಾಕಣ್ ಗೋದಾಮು, ಪುಣೆ · ಮೇ 17, ರಾತ್ರಿ 10:41

ಶೀಟ್ ಖಂಡಿತ ಮಾಡು ತಮ್ಮಾ. ಆದರೆ ಜೊತೆಗೆ ಕಾಗದದ ಪುಸ್ತಕವೂ ಇರಲಿ. ಅಲ್ಲಿ ಕರೆಂಟ್ ಇರಲಿಲ್ಲ. ನೆಟ್‌ವರ್ಕ್ ಬಂದು ಹೋಗುತ್ತಿತ್ತು. ರಾತ್ರಿ ಪುಸ್ತಕದಿಂದ ಶೀಟ್‌ಗೆ ಏರಿಸಿದರೆ ಸಾಕು. ಒಂದು ಸಾಮಾನಿಗೆ ಒಂದು ಪುಟ: ಬಂದದ್ದು, ಹೋದದ್ದು, ಉಳಿದದ್ದು. ಅಷ್ಟೇ. ನಾಲ್ಕನೇ ಕಾಲಂ ಹಾಕಿದರೆ ಯಾರೂ ತುಂಬುವುದಿಲ್ಲ.

ನೀರಿನ ಬಾಟಲಿ ಲೆಕ್ಕ ಹಾಕಿ ನೋಡು. ಕಾಳಜಿ ಕೇಂದ್ರದಲ್ಲಿ 500 ಜನ ಇದ್ದಾರೆ ಅಂದುಕೊ. ಕುಡಿಯಲು ತಲೆಗೆ 3 ಲೀಟರ್ ಹಿಡಿದರೂ ದಿನಕ್ಕೆ 1,500 ಲೀಟರ್. ತೂಕ ಒಂದೂವರೆ ಟನ್. ಹದಿನಾಲ್ಕು ಅಡಿಯ ಒಂದು ಐಷರ್ ತುಂಬ ನೀರು ಒಯ್ದರೆ ಮೂರು ದಿನಕ್ಕೂ ಬರುವುದಿಲ್ಲ. ಅದೂ ಬರೀ ಕುಡಿಯಲು. ಕುಡಿಯಲು, ಅಡುಗೆಗೆ, ಮೈ ತೊಳೆಯಲು ಎಲ್ಲ ಸೇರಿ ತಲೆಗೆ ದಿನಕ್ಕೆ 15 ಲೀಟರ್ ಬೇಕು ಎಂಬುದು ಪರಿಹಾರ ಕೆಲಸಕ್ಕೆ ಜಗತ್ತಿನಲ್ಲೆಲ್ಲ ಹಿಡಿಯುವ ಸ್ಫಿಯರ್ ಅಳತೆ. 500 ಜನಕ್ಕೆ 7,500 ಲೀಟರ್. ಇದು ಟ್ಯಾಂಕರ್ ಮಾಡುವ ಕೆಲಸ. ಪುಣೆಯಿಂದ ಬಾಟಲಿ ಸಾಗಿಸಿ ಆಗುವುದಲ್ಲ. ನಾವು ಒಯ್ಯಬೇಕಾದ್ದು ಕ್ಲೋರಿನ್ ಮಾತ್ರೆ, ಮುಚ್ಚಳ ಮತ್ತು ನಲ್ಲಿ ಇರುವ ಡ್ರಮ್ಮು, ಬಿಂದಿಗೆ. ಒಬ್ಬರು ಒಂದು ಚೀಲದಲ್ಲಿ ಹೊತ್ತೊಯ್ಯುವಷ್ಟು ಮಾತ್ರೆ ಒಂದು ಲಾರಿ ಬಾಟಲಿಗಿಂತ ಜಾಸ್ತಿ ನೀರು ಕೊಡುತ್ತದೆ.

ಬಟ್ಟೆ ಬಗ್ಗೆ: ಬೇಡ ಅನ್ನಬೇಕು. ಪ್ರೀತಿಯಿಂದಲೇ ಅನ್ನಬೇಕು. ಹಳೆ ಬಟ್ಟೆಯ ಒಂದು ಮೂಟೆ ಬಿಚ್ಚಿ, ಗಂಡು ಹೆಣ್ಣು ಮಕ್ಕಳು ಅಂತ ಬೇರೆ ಮಾಡಿ, ಹರಿದದ್ದು ತೆಗೆಯಲು ಇಬ್ಬರಿಗೆ ಅರ್ಧ ದಿನ ಹೋಗುತ್ತದೆ. ಅಲ್ಲಿ ಆ ಇಬ್ಬರು ಇರುವುದಿಲ್ಲ.

ವಾಶಿ ದಾಣಾಬಂದರ್ · ಮೇ 18, ಬೆಳಗ್ಗೆ 6:15

ನಾನು ವಾಶಿ ಮಾರ್ಕೆಟ್ಟಿನಲ್ಲಿ 22 ವರ್ಷದಿಂದ ದಿನಸಿ ಪೇಢಿಯ (ಸಗಟು ಅಂಗಡಿಯ) ಲೆಕ್ಕ ಬರೆಯುತ್ತಿದ್ದೇನೆ. ಚಾಕಣ್ ಅಣ್ಣನವರ ಮಾತು ಓದಿ ಹೊಟ್ಟೆ ಕಿವುಚಿದ ಹಾಗಾಯಿತು. 2019ರಲ್ಲಿ ನಮ್ಮ ಗಲ್ಲಿಯಿಂದ ಹೋದ ಲಾರಿಯೂ ಹೀಗೇ ಎಲ್ಲೋ ಜಗುಲಿ ಮೇಲೆ ಸುರಿದಿರಬಹುದು.

ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನಮ್ಮ ಮಾರ್ಕೆಟ್ಟಿನಲ್ಲಿ ಮಾಲು ಎತ್ತುವವರು ಮಾಥಾಡಿ ಕಾಮಗಾರರು. ಅವರಿಗಾಗಿಯೇ 1969ರ ಕಾನೂನು ಇದೆ, ಮಂಡಳಿ ಇದೆ, ದರ ಇದೆ. ಅವರು ಇಲ್ಲಿ 50 ಕಿಲೋ ಮೂಟೆ ಹೂವಿನ ಹಾಗೆ ಎತ್ತಿ ಇಡುತ್ತಾರೆ. ಅದೇ ಮೂಟೆ ಅಲ್ಲಿ ಇಳಿಸುವವರು ಯಾರು? ಕಾಲೇಜು ಹುಡುಗರು, ಮೇಷ್ಟ್ರು, ಹೆಣ್ಣುಮಕ್ಕಳು. ಸೊಂಟ ಹಿಡಿಯುತ್ತದೆ. ಆದ್ದರಿಂದ ಇಲ್ಲೇ ಒಂದು ಮನೆಗೆ ಒಂದು ಚೀಲ ಅಂತ ಕಟ್ಟಿ ಕಳಿಸಿ. ಚೀಲ 20 ಕಿಲೋ ದಾಟಬಾರದು. 200 ಮನೆಗೆ 4 ಟನ್. ಹದಿನಾಲ್ಕು ಅಡಿಯ ಒಂದು ಗಾಡಿ. ಕಣ್ಣಿಗೆ ಲೆಕ್ಕ ಸಿಗುತ್ತದೆ. ಅಲ್ಲಿ ಬಿಚ್ಚಿ ಅಳೆಯುವ ಕೆಲಸ ಇಲ್ಲ, ತಕ್ಕಡಿ ಹುಡುಕುವ ಕೆಲಸ ಇಲ್ಲ.

ಇನ್ನೊಂದು. ಗಾಡಿಯಲ್ಲಿ ಕೊನೆಗೆ ಇಳಿಯಬೇಕಾದ್ದನ್ನು ಮೊದಲು ಹಾಕಿ. ಮೊದಲು ಬೇಕಾದ್ದು ಬಾಗಿಲ ಹತ್ತಿರ ಇರಲಿ: ತಾಡಪತ್ರಿ, ಟಾರ್ಚು, ಹಗ್ಗ, ದಾಸ್ತಾನು ಪುಸ್ತಕ, ಪೆನ್ನು. ಪೆನ್ನು ಸಿಗದೆ ಲೆಕ್ಕ ನಿಂತದ್ದು ನಾನು ಮಾರ್ಕೆಟ್ಟಿನಲ್ಲೇ ನೋಡಿದ್ದೇನೆ.

ಕಾಗದ ಪತ್ರ ಮರೆಯಬೇಡಿ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಪತ್ರ, ಕೇಳುತ್ತಾರೆ. ದಾನದ ಮಾಲು ಅಂತ ಬಾಯಲ್ಲಿ ಹೇಳಿದರೆ ದಾರಿಯ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ. ಖರೀದಿ ಬಿಲ್ಲು, ಮಾಲಿನ ಪಟ್ಟಿ, ಯಾರಿಗೆ ಹೋಗುತ್ತಿದೆ ಎಂಬ ಪತ್ರ, ಮೂರನ್ನೂ ಚಾಲಕನ ಕೈಗೆ ಕೊಡಿ. ಬಿಲ್ಟಿಯ (ಲಾರಿ ರಸೀದಿಯ) ಒಂದು ಪ್ರತಿ ಅಲ್ಲಿ ಇಳಿಸಿಕೊಂಡವರ ಸಹಿಯ ಜೊತೆ ವಾಪಸ್ ಬರಬೇಕು. ಬರದಿದ್ದರೆ ಆ ಲಾರಿ ಎಲ್ಲಿಗೆ ಹೋಯಿತು ಎಂದು ಯಾರೂ ಎದೆ ತಟ್ಟಿ ಹೇಳಲಾರರು.

ಪ್ಯಾಕಿಂಗ್ ಕೆಲಸ ನನ್ನ ಮೇಲೆ ಬಿಡಿ.

ಡೊಂಬಿವಲಿ ಸೊಸೆ · ಮೇ 18, ಮಧ್ಯಾಹ್ನ 2:05

ನೀವೆಲ್ಲ ಕೊಡುವ ಕಡೆಯಿಂದ ಬರೆಯುತ್ತಿದ್ದೀರಿ. ನಾನು ತೆಗೆದುಕೊಂಡವಳು. ಅದಕ್ಕೇ ಬರೆಯುತ್ತಿದ್ದೇನೆ.

2019ರಲ್ಲಿ ಅತ್ತೆಯವರನ್ನು ನೋಡಲು ಅಥಣಿ ತಾಲೂಕಿನ ನಮ್ಮ ಊರಿಗೆ ಹೋಗಿದ್ದೆ. ನೀರು ಬಂತು. ಹನ್ನೊಂದು ದಿನ ಕಾಳಜಿ ಕೇಂದ್ರದಲ್ಲಿ ಇದ್ದೆವು. ಮಲಗಲು ಶಾಲೆಯ ಕೋಣೆ. ಒಂದು ಕೋಣೆಯಲ್ಲಿ ನಾವು ಏಳು ಮನೆಯವರು.

ಮೊದಲ ಮೂರು ದಿನ ಬಂದವರು ಎಷ್ಟು ಜನ ಅಂತ ಹೇಳಲಾರೆ. ಗಾಡಿ ಮೇಲೆ ಗಾಡಿ. ಗೋಧಿ ಕೊಟ್ಟರು. ನಮ್ಮ ಊರಿನ ಗಿರಣಿ ನೀರಿನೊಳಗೆ ಇತ್ತು. ಕರೆಂಟ್ ಇಲ್ಲ. ಗೋಧಿಯನ್ನು ನಾವು ಏನು ಮಾಡಬೇಕಿತ್ತು? ಅತ್ತೆಯವರು ಆ ಚೀಲವನ್ನೇ ತಲೆದಿಂಬು ಮಾಡಿಕೊಂಡರು. ಹೊಟ್ಟೆ ತುಂಬಿಸಿದ್ದು ಎತ್ತರದ ಊರುಗಳ ಹೆಣ್ಣುಮಕ್ಕಳು ತಟ್ಟಿ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅದು ಕೆಡುವುದಿಲ್ಲ, ಬೇಯಿಸಬೇಕಿಲ್ಲ, ನಮ್ಮ ಬಾಯಿಗೆ ಗೊತ್ತು.

ಹೆಣ್ಣುಮಕ್ಕಳಿಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಏಕೆಂದರೆ ಬಂದವರೆಲ್ಲ ಗಂಡಸರು. ಅವರು ಒಳ್ಳೆಯವರೇ. ಆದರೆ ಅವರ ಮುಂದೆ ಸಾಲಿನಲ್ಲಿ ನಿಂತು ಪ್ಯಾಡ್ ಕೊಡಿ, ಒಳ ಉಡುಪು ಕೊಡಿ ಅಂತ ಹೇಗೆ ಕೇಳುವುದು? ಐದನೇ ದಿನ ಒಬ್ಬಳು ಆಶಾ ಕಾರ್ಯಕರ್ತೆ ಬಂದಳು. ಅವಳೊಬ್ಬಳೇ ಕೋಣೆ ಬಾಗಿಲು ಹಾಕಿಕೊಂಡು ನಮ್ಮನ್ನೆಲ್ಲ ಮಾತಾಡಿಸಿದಳು. ನನ್ನ ಬೇಡಿಕೆ ಇಷ್ಟು. ನಿಮ್ಮ ನಾಲ್ಕು ಜನರಲ್ಲಿ ಇಬ್ಬರು ಹೆಂಗಸರಿರಲಿ.

ಇನ್ನೊಂದು ಮಾತು ಹೇಳಲೇಬೇಕು. ಹತ್ತನೇ ದಿನ ನೀರು ಇಳಿಯಿತು. ಗಾಡಿಗಳು ಬರುವುದೂ ನಿಂತಿತು. ಮನೆಗೆ ಹೋದರೆ ಮೊಣಕಾಲ ಮಟ್ಟ ರಾಡಿ. ಸತ್ತ ಇಲಿ, ಕೊಳೆತ ಜೋಳ. ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಅವತ್ತು ನಮಗೆ ಬೇಕಿದ್ದದ್ದು ಸಲಿಕೆ, ಪುಟ್ಟಿ, ಬ್ಲೀಚಿಂಗ್ ಪೌಡರ್, ರಬ್ಬರ್ ಬೂಟು, ನಾಲ್ಕು ಗಟ್ಟಿ ಕೈ. ಯಾರೂ ಇರಲಿಲ್ಲ. ನಾನು, ಮೈದುನ, 70 ವರ್ಷದ ಅತ್ತೆ, ಮೂರು ಜನ ನಾಲ್ಕು ದಿನ ರಾಡಿ ಎತ್ತಿದೆವು.

ಠಾಣೆ ನರ್ಸ್ · ಮೇ 18, ರಾತ್ರಿ 8:30

ಡೊಂಬಿವಲಿ ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಅತ್ತೆಯವರು ಈಗ ಹೇಗಿದ್ದಾರೆ?

ರಾಡಿಯ ಮಾತಿಗೆ ನಾನು ಒಂದು ಸೇರಿಸಬೇಕು. ಕಾಯಿಲೆ ಬರುವುದು ನೀರು ಇಳಿದ ಮೇಲೆಯೇ. ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಇಲಿ ಮತ್ತು ದನಗಳ ಮೂತ್ರ ಬೆರೆತ ನೀರು ಗಾಯಕ್ಕೆ ತಾಕಿದರೆ ಹತ್ತುತ್ತದೆ. ಜ್ವರ ಕಾಣಿಸುವುದು ಸಾಮಾನ್ಯವಾಗಿ ಒಂದೆರಡು ವಾರದ ಮೇಲೆ. 2005ರ ಜುಲೈ 26ರಂದು ಮುಂಬೈ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನೀರು ಇಳಿದು ನಗರ ಎಂದಿನಂತೆ ಓಡಲು ಶುರುವಾದ ಮೇಲೆ ನಮ್ಮ ವಾರ್ಡು ತುಂಬಿತು. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ಆ ಹೊತ್ತಿಗೆ ಮೊದಲ ವಾರ ಹಗಲೂ ರಾತ್ರಿ ದುಡಿದ ನರ್ಸ್‌ಗಳೆಲ್ಲ ಸೋತು ಹೋಗಿದ್ದರು. ಅದಕ್ಕೇ ಹೇಳುತ್ತೇನೆ, ಎಲ್ಲರೂ ಮೊದಲ ವಾರವೇ ಓಡಬೇಡಿ. ಎರಡನೇ ಮತ್ತು ಮೂರನೇ ವಾರಕ್ಕೆ ಜನ ಉಳಿಸಿಕೊಳ್ಳಿ.

ಹೋಗುವವರು ಈಗಲೇ ಟೆಟನಸ್ ಇಂಜೆಕ್ಷನ್ ಹಾಕಿಸಿಕೊಳ್ಳಿ. ನೀರಿನಲ್ಲಿ ನಡೆದವರು ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಬೇಕೇ, ಎಷ್ಟು ಎಂದು ವೈದ್ಯರನ್ನು ಕೇಳಿ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಆಗುವುದಿಲ್ಲ. ಸುಮ್ನೆ ಹಂಚಬೇಡಿ. ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ಯಾರೂ ದುಡಿಯಬಾರದು. ಇಬ್ಬಿಬ್ಬರು ಜೊತೆಯಾಗಿರಿ. ಆರನೇ ದಿನ ವಾಪಸ್. ಮೇಷ್ಟ್ರಿಗೆ ಏಳನೇ ದಿನ ಜ್ವರ ಬಂದದ್ದು ನನಗೆ ಆಶ್ಚರ್ಯವೇ ಆಗಲಿಲ್ಲ.

ಔಷಧಿ ಸಂಗ್ರಹದ ಬಗ್ಗೆ: ಮನೆಯಲ್ಲಿ ಉಳಿದ ಅರ್ಧ ಪಟ್ಟಿ ಮಾತ್ರೆ ದಯವಿಟ್ಟು ತೆಗೆದುಕೊಳ್ಳಬೇಡಿ. ದಾನದ ಔಷಧಿಗೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಓಆರ್‌ಎಸ್ ಪುಡಿ ಒಯ್ಯಿರಿ. ಬಿಪಿ, ಸಕ್ಕರೆ ಕಾಯಿಲೆಯವರ ಹೆಸರು ಮತ್ತು ಮಾತ್ರೆ ಬರೆದುಕೊಂಡು ತಾಲೂಕು ಆಸ್ಪತ್ರೆಗೆ ಮುಟ್ಟಿಸಿ. ಆ ಪಟ್ಟಿ ಮಾಡಲು ಒಬ್ಬರು ಬೇಕು. ಅದು ನಾನಾಗುತ್ತೇನೆ. ಆಗಸ್ಟ್‌ನಲ್ಲಿ ಆರು ದಿನ ರಜೆ ಕೇಳಿ ಇಟ್ಟಿದ್ದೇನೆ.

ಕ್ಲೋರಿನ್ ಮಾತ್ರೆ ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು. ನೀರು ಕೆಂಪಗೆ ರಾಡಿಯಾಗಿದ್ದರೆ ಮೊದಲು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಬೇಕು. ಇಲ್ಲದಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ. ಇದನ್ನು ಡ್ರಮ್ಮಿನ ಮೇಲೇ ಕನ್ನಡದಲ್ಲಿ ಬರೆದು ಅಂಟಿಸೋಣ.

ಮಾಟುಂಗಾ ಹಿರಿಯ · ಮೇ 19, ಬೆಳಗ್ಗೆ 7:40

ನಿಮ್ಮೆಲ್ಲರ ಕಾಳಜಿಗೆ ಕೈ ಮುಗಿಯುತ್ತೇನೆ. ಒಂದು ಮಾತಿಗೆ ಒಪ್ಪಿಗೆ ಇಲ್ಲ. ಚಾಕಣ್ ಅವರು ನನಗೆ ಫೋನಿನಲ್ಲಿ ಹೇಳಿದರು: ಅಲ್ಲಿನ ಕೂಲಿಯವರಿಗೆ ದಿನಗೂಲಿ ಕೊಟ್ಟು ಇಳಿಸುವ ಕೆಲಸ ಮಾಡಿಸಬೇಕು, ಸಂಗ್ರಹದ ಹಣದಲ್ಲಿ ಒಂದು ಭಾಗ ಅದಕ್ಕೆ ಇಡಬೇಕು ಎಂದು. ನಾವು 2005ರಲ್ಲಿ ಒಂದು ಪೈಸೆ ಮುಟ್ಟದೆ ಸೇವೆ ಮಾಡಿದೆವು. ಕಷ್ಟದ ಹೊತ್ತಿನಲ್ಲಿ ಕೂಲಿ ಲೆಕ್ಕ ಬಂದರೆ ಸೇವೆಯ ಭಾವ ಹೋಗುತ್ತದೆ. ಕೊಟ್ಟವರೂ ಕೇಳುತ್ತಾರೆ, ನಮ್ಮ ಹಣ ಅಕ್ಕಿಗೆ ಹೋಯಿತೋ ಕೂಲಿಗೆ ಹೋಯಿತೋ ಎಂದು.

ಡೊಂಬಿವಲಿ ಸೊಸೆ · ಮೇ 19, ಬೆಳಗ್ಗೆ 9:10

ಹಿರಿಯರೇ, ತಪ್ಪು ತಿಳಿಯಬೇಡಿ. ನನ್ನ ಮೈದುನ ಕಬ್ಬು ಕಡಿಯುವ ಕೂಲಿ. ಹೊಲವೆಲ್ಲ ನೀರಿನೊಳಗೆ ಇದ್ದಾಗ ಎರಡು ತಿಂಗಳು ಅವನಿಗೆ ಒಂದು ರೂಪಾಯಿ ದುಡಿಮೆ ಇರಲಿಲ್ಲ. ಕೇಂದ್ರದಲ್ಲಿ ಕೂತು ಕೂತು ಅವನು ಮಾತೇ ಬಿಟ್ಟಿದ್ದ. ಒಂದು ದಿನ ಯಾರೋ ಬಂದು ಲಾರಿ ಇಳಿಸು, ಕೂಲಿ ಕೊಡುತ್ತೇವೆ ಅಂದರು. ಅವತ್ತು ಸಂಜೆ ಅವನು ಮಗಳಿಗೆ ಚಪ್ಪಲಿ ತಂದ. ಪುಕ್ಕಟೆ ಚಪ್ಪಲಿ ಗೋದಾಮಿನಲ್ಲಿ ಬೇಕಾದಷ್ಟು ಇದ್ದವು. ಆದರೂ ಅವನು ತಂದದ್ದು ಬೇರೆ.

ವಾಶಿ ದಾಣಾಬಂದರ್ · ಮೇ 19, ಬೆಳಗ್ಗೆ 9:45

ಹೌದು. ಕೂಲಿ ಕೊಟ್ಟರೆ ಹೊತ್ತಿಗೆ ಸರಿಯಾಗಿ ಬರುತ್ತಾರೆ, ನಾವೂ ಹಕ್ಕಿನಿಂದ ಕೇಳಬಹುದು. ಇದು ನನ್ನ ಅನುಭವ. ಕೂಲಿಯ ಲೆಕ್ಕವನ್ನೂ ಅಕ್ಕಿಯ ಲೆಕ್ಕದ ಜೊತೆಗೇ ಹಾಕಿ ತೋರಿಸೋಣ. ಮುಚ್ಚಿಡುವುದು ಏನೂ ಇಲ್ಲ.

ಮ್ಹಾಪ್ಸಾ ಚಾಲಕ, ಗೋವಾ · ಮೇ 19, ರಾತ್ರಿ 11:20

ಈಗ ತಾನೇ ಬೆಳಗಾವಿಯಿಂದ ಗಾಡಿ ತಂದೆ. ಚೋರ್ಲಾ ಘಾಟಿನಲ್ಲಿ ಈಗಲೇ ಒಂದು ಮಳೆ ಬಿದ್ದಿದೆ. ನನ್ನ ಊರು ಸವದತ್ತಿ ತಾಲೂಕು. ಹದಿನಾಲ್ಕು ವರ್ಷದಿಂದ ಗೋವಾದಲ್ಲಿ ಗಾಡಿ ಓಡಿಸುತ್ತೇನೆ.

ಎಲ್ಲರ ಬಗ್ಗೆಯೂ ಬರೆದಿರಿ. ಚಾಲಕನ ಬಗ್ಗೆ ಯಾರೂ ಬರೆಯಲಿಲ್ಲ. ಆ ರಾತ್ರಿ ಜಗುಲಿ ಮೇಲೆ ಸುರಿದು ಹೋದ ಚಾಲಕನ ಮೇಲೆ ನನಗೆ ಸಿಟ್ಟು ಬರಲಿಲ್ಲ. 2019ರಲ್ಲಿ ನಾನೂ ಹಾಗೆಯೇ ಒಂದು ಕಡೆ ಹದಿನೆಂಟು ಗಂಟೆ ನಿಂತಿದ್ದೆ. ಊಟ ಕೇಳಿದರೆ, ‘ಇದು ಸಂತ್ರಸ್ತರಿಗೆ’ ಅಂದರು. ಅವರ ಮಾತೂ ಸರಿಯೇ. ಆದರೆ ಸುತ್ತ ಒಂದು ಹೋಟೆಲೂ ತೆರೆದಿರಲಿಲ್ಲ. ನಾನು ಗಾಡಿಯಲ್ಲಿದ್ದ ಮಾಲು ಮುಟ್ಟಲಿಲ್ಲ. ಹಸಿದುಕೊಂಡೇ ಮಲಗಿದೆ. ಚಾಲಕನಿಗೆ ಎರಡು ದಿನದ ಬುತ್ತಿ, ಡೀಸೆಲ್ ಹಣ, ಕಾಯುವ ದಿನದ ಬಾಡಿಗೆ ಮೊದಲೇ ಮಾತಾಡಿ ಕೊಡಿ. ಪುಕ್ಕಟೆ ಬರುತ್ತೇನೆ ಎಂದವನಿಗೂ ಕೊಡಿ.

ರಸ್ತೆ ಬಗ್ಗೆ. ಗೋವಾದಿಂದ ಬೆಳಗಾವಿಗೆ ಚೋರ್ಲಾ, ಅನಮೋಡ್ ಎರಡು ಘಾಟು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಒಂದೊಂದು ದಿನ ಬಂದ್. 2021ರ ಜುಲೈಯಲ್ಲಿ ದೂಧಸಾಗರದ ಹತ್ತಿರ ಗುಡ್ಡ ಜರಿದು ರೈಲೇ ಹಳಿ ತಪ್ಪಿತ್ತು. ಅದೇ ವಾರ ಚಿಪಳೂಣ್ ಮುಳುಗಿತು, ಸತ್ತರಿ ಕಡೆ ಮಹದಾಯಿ ಮನೆಗಳಿಗೆ ನುಗ್ಗಿತು, ಕೊಲ್ಲಾಪುರದ ಹತ್ತಿರ ಹೆದ್ದಾರಿ ಮತ್ತೆ ನಿಂತಿತು. ಅಂದರೆ ಎಲ್ಲ ದಾರಿಯೂ ಒಟ್ಟಿಗೇ ಹೋಗಬಹುದು. ಅದಕ್ಕೇ ನಾನು ಹೇಳುವುದು, ಮಾಲು ಒಂದೇ ಕಡೆ ಇಡಬೇಡಿ. ಸ್ವಲ್ಪ ಪುಣೆಯಲ್ಲಿ, ಸ್ವಲ್ಪ ನದಿಯ ಆಚೆ ದಡದಲ್ಲಿ ಈಗಲೇ ಇಟ್ಟಿರಿ. ವಿಜಯಪುರದ ಕಡೆಯಿಂದ ಜಮಖಂಡಿಗೆ ಹೋಗುವವರು ಕೃಷ್ಣೆ ದಾಟಲೇಬೇಕು. ಸೇತುವೆ ಮೇಲೆ ನೀರಿದೆಯಾ ಅಂತ ಜಿಲ್ಲಾ ಕಂಟ್ರೋಲ್ ರೂಮಿಗೆ ಕೇಳಿಕೊಂಡೇ ಗಾಡಿ ಬಿಡಿ. 1077 ನಂಬರು, ಅದು ನೀವು ಯಾವ ಜಿಲ್ಲೆಯಲ್ಲಿದ್ದೀರೋ ಅಲ್ಲಿಗೆ ಹೋಗುತ್ತದೆ. ಬೇರೆ ಜಿಲ್ಲೆಯಿಂದ ಮಾಡುವುದಾದರೆ ಅಲ್ಲಿನ ಎಸ್‌ಟಿಡಿ ಕೋಡ್ ಸೇರಿಸಬೇಕು.

ಹಿಂಜವಡಿ ಹುಡುಗ · ಮೇ 20, ಬೆಳಗ್ಗೆ 8:00

ಚಾಲಕಣ್ಣ, ಹಸಿದು ಮಲಗಿದ ಮಾತು ಓದಿ ಬಹಳ ಬೇಜಾರಾಯಿತು. ಶೀಟ್‌ನಲ್ಲಿ ಚಾಲಕರ ಬುತ್ತಿಗೆ ಬೇರೆ ಸಾಲು ಹಾಕಿದ್ದೇನೆ.

ನಾನು ಈಜು ಬಲ್ಲೆ. ಬೋಟಿನ ಕೆಲಸಕ್ಕೆ ಬರಬಹುದಾ?

ಚಾಕಣ್ ಗೋದಾಮು, ಪುಣೆ · ಮೇ 20, ಬೆಳಗ್ಗೆ 8:25

ಬೇಡ ತಮ್ಮಾ. ಇದರಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. 2019ರ ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನ ಜಾಸ್ತಿ ಹತ್ತಿದ ದೋಣಿ ಮಗುಚಿತು. ಹೆಂಗಸರು, ಮಕ್ಕಳು ತೀರಿಕೊಂಡರು. ಕಾಪಾಡಲು ಹೊರಟ ದೋಣಿಯೇ ಅದು. ನಮ್ಮ ಚಾಕಣದಿಂದ ಸ್ವಲ್ಪ ದೂರ ಸುದುಂಬರೆಯಲ್ಲಿ ಎನ್‌ಡಿಆರ್‌ಎಫ್‌ನ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ) 5ನೇ ಬೆಟಾಲಿಯನ್ ಇದೆ. ಅವರು ವರ್ಷವಿಡೀ ಇದನ್ನೇ ಕಲಿಯುತ್ತಾರೆ. ಆ ಕೆಲಸ ಅವರದು. ನಮ್ಮದು ಗೋದಾಮು. ನೀನು ಬಂದರೆ ಪುಸ್ತಕ ಹಿಡಿ.

ಇನ್ನೊಂದು ಕೆಲಸಕ್ಕೆ ನಿನ್ನಂಥವರೇ ಬೇಕು. ನಮಗೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ. ಕೊಯ್ನಾ ಅಣೆಕಟ್ಟಿನ ಬಾಗಿಲು ತೆಗೆದರೆ ನೀರು ಕರಾಡ, ಸಾಂಗಲಿ ದಾಟಿ ಚಿಕ್ಕೋಡಿ, ಅಥಣಿ, ಜಮಖಂಡಿಗೆ ಬರುತ್ತದೆ. ನೀರಿಗೆ ಗಡಿ ಇಲ್ಲ. ಆದರೆ ಗಾಡಿಗಳಿಗೆ ಇದೆ. 2019ರಲ್ಲಿ ಇಚಲಕರಂಜಿ ಕಡೆಯ ಚಾಲಕರು ಫೋನ್ ಮಾಡಿ ಮರಾಠಿಯಲ್ಲಿ ದಾರಿ ಕೇಳುತ್ತಿದ್ದರು. ಶಾಲೆಯಲ್ಲಿದ್ದವರಿಗೆ ಅರ್ಥವಾಗದೆ ಫೋನ್ ನನ್ನ ಕೈಗೆ ಬರುತ್ತಿತ್ತು. ಎಂಟು ದಿನದಲ್ಲಿ ನಾನು ಹೊತ್ತ ಮೂಟೆಗಿಂತ ಎತ್ತಿದ ಫೋನು ಜಾಸ್ತಿ. ಎರಡು ಭಾಷೆ ಬಲ್ಲ ಒಬ್ಬರು ರಾತ್ರಿ ಪೂರ್ತಿ ಫೋನ್ ಹಿಡಿದು ಕೂತರೆ ಹತ್ತು ಲಾರಿ ದಾರಿ ತಪ್ಪುವುದಿಲ್ಲ. ಇದಕ್ಕೆ ಊರಿಗೆ ಹೋಗುವುದೂ ಬೇಕಿಲ್ಲ. ಮನೆಯಲ್ಲೇ ಕೂತು ಮಾಡಬಹುದು.

ಮಾಟುಂಗಾ ಹಿರಿಯ · ಮೇ 20, ಬೆಳಗ್ಗೆ 11:05

ತಂಗಿ ಬರೆದ ಚಪ್ಪಲಿಯ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ಕೂಲಿಯ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಅಡ್ಡ ಬರುವುದಿಲ್ಲ. ಅದಕ್ಕೆ ಬೇರೆ ಡಬ್ಬಿ ಇಡಿ. ಕೂಲಿಗೆ ಎಂದೇ ಹೇಳಿ ಕೇಳಿ. ಅದರಲ್ಲಿ ನನ್ನದೂ 5,000 ಇರಲಿ.

ನನಗೆ 74. ಮೂಟೆ ಹೊರಲಾರೆ. ರಾತ್ರಿ ನಿದ್ದೆ ಹೇಗೂ ಬರುವುದಿಲ್ಲ. 50 ವರ್ಷ ಮುಂಬೈಯಲ್ಲಿ ಇದ್ದೇನೆ, ಮರಾಠಿ ನನಗೆ ನೀರು ಕುಡಿದ ಹಾಗೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಫೋನು ನನ್ನದು.

ಚಾಕಣ್ ಗೋದಾಮು, ಪುಣೆ · ಮೇ 20, ರಾತ್ರಿ 9:30

ಹಿರಿಯರೇ, ಇದಕ್ಕಿಂತ ದೊಡ್ಡ ಸಹಾಯ ಬೇಕಿಲ್ಲ.

ಇಲ್ಲಿಯವರೆಗೆ ಆದದ್ದು ಬರೆಯುತ್ತೇನೆ. ಮೊದಲ ತಂಡ ನಾಲ್ಕು ಜನ: ನಾನು, ಹಿಂಜವಡಿ ಹುಡುಗ, ಇನ್ನಿಬ್ಬರು ಅಕ್ಕಂದಿರು ಬೇಕು. ಒಬ್ಬರು ಬಾಗಿಲಲ್ಲಿ ಎಣಿಸುತ್ತಾರೆ, ಒಬ್ಬರು ಪುಸ್ತಕ ಬರೆಯುತ್ತಾರೆ. ಎಣಿಸುವವರೂ ಬರೆಯುವವರೂ ಒಬ್ಬರೇ ಆಗಬಾರದು. ಉಳಿದ ಇಬ್ಬರು ಕೇಂದ್ರಗಳಿಗೆ ಹೋಗಿ ಏನು ಬೇಕು ಎಂದು ಕೇಳಿ ಬರುತ್ತಾರೆ. ಅವರು ಕೇಳಿ ಬಂದ ಮೇಲೆಯೇ ಎರಡನೇ ಲಾರಿ ತುಂಬುವುದು. ಎರಡನೇ ತಂಡ ಐದನೇ ದಿನ ಬರುತ್ತದೆ. ಒಂದು ದಿನ ಎರಡೂ ತಂಡ ಒಟ್ಟಿಗೆ ದುಡಿಯಬೇಕು. ಆ ಒಂದು ದಿನ ಇಲ್ಲದಿದ್ದರೆ ಪುಸ್ತಕ ಕೈ ಬದಲಾಗುವಾಗ ಲೆಕ್ಕ ಕಳೆದು ಹೋಗುತ್ತದೆ. ಠಾಣೆ ಅಕ್ಕ ಎರಡನೇ ತಂಡದಲ್ಲಿ. ಮೂರನೇ ತಂಡ ರಾಡಿಗೆ. ಅದಕ್ಕೆ ಸಲಿಕೆ, ಬೂಟು, ಬ್ಲೀಚಿಂಗ್ ಪೌಡರ್ ಈಗಲೇ ಕೊಂಡು ಇಡೋಣ. ಆ ತಂಡಕ್ಕೆ ಹೆಸರು ಕೊಟ್ಟವರು ಇನ್ನೂ ಯಾರೂ ಇಲ್ಲ.

ಎಲ್ಲಿಗೆ ಹೋದರೂ ಮೊದಲು ತಹಶೀಲ್ದಾರ್ ಕಚೇರಿಯಲ್ಲಿ ಹೆಸರು ಬರೆಸುವುದು. ಅವರು ಹೇಳಿದ ಕಡೆಗೆ ಹೋಗುವುದು. ನಮ್ಮ ಊರು, ನಮ್ಮ ಬೀಗರು ಎಂದು ಗಾಡಿ ತಿರುಗಿಸುವ ಹಾಗಿಲ್ಲ. ನಾನೂ ಸೇರಿ.

ಜೋಳದ ಹಿಟ್ಟಿನ ಬಗ್ಗೆ ವಾಶಿ ಕಾಕಾ ಹೇಳಿ. ಅದನ್ನು ಚೀಲದಲ್ಲಿ ಹಾಕಬಹುದಾ?

ವಾಶಿ ದಾಣಾಬಂದರ್ · ಮೇ 20, ರಾತ್ರಿ 10:10

ಮಳೆಗಾಲದಲ್ಲಿ ಜೋಳದ ಹಿಟ್ಟು ಬೇಗ ಕಹಿಯಾಗುತ್ತದೆ, ಹುಳು ಬೀಳುತ್ತದೆ. ಮೊದಲೇ ಬೀಸಿ ಇಡಬೇಡಿ. ಹೊರಡುವ ದಿನ ಬೀಸಿಸಿದರೆ ಆಯಿತು. ಸೊಲ್ಲಾಪುರದ ದಾರಿಯಲ್ಲೇ ಹೋಗುವುದಾದರೆ ಇನ್ನೂ ಒಳ್ಳೆಯದು. ಅಲ್ಲಿ ಖಡಕ್ ಭಾಕರಿ, ಶೇಂಗಾ ಚಟ್ನಿ ಮಾಡುವ ಹೆಣ್ಣುಮಕ್ಕಳ ಗುಂಪುಗಳು ಬಹಳ ಇವೆ. ಒಂದು ದಿನ ಮೊದಲು ಹೇಳಿದರೆ ಸಾವಿರಗಟ್ಟಲೆ ಕಟ್ಟಿಕೊಡುತ್ತಾರೆ. ಪುಣೆಯಿಂದ ಹೊರುವ ಭಾರವೂ ಉಳಿಯುತ್ತದೆ. ಜೂನ್ ಒಳಗೆ ನಾನು ಹೋಗಿ ಎರಡು ಗುಂಪಿನ ಜೊತೆ ಮಾತಾಡಿ ಬರುತ್ತೇನೆ.

ಮಾಲು ನೆಲದ ಮೇಲೆ ಇಡಬೇಡಿ. ಶಾಲೆಯ ಬೆಂಚು ಮಲಗಿಸಿ ಅದರ ಮೇಲೆ ಇಡಿ. ಗೋಡೆಯಿಂದ ಒಂದು ಗೇಣು ದೂರ.

ಡೊಂಬಿವಲಿ ಸೊಸೆ · ಮೇ 20, ರಾತ್ರಿ 10:35

ಮೂರನೇ ತಂಡಕ್ಕೆ ನನ್ನ ಹೆಸರು ಬರೆಯಿರಿ. ಮೈದುನನದೂ ಬರೆಯಿರಿ. ಅವನು ಬೇರೆ ಯಾರದ್ದೇ ಮನೆಯ ರಾಡಿ ಎತ್ತಲೂ ಬರುತ್ತಾನೆ.

ಠಾಣೆ ಅಕ್ಕ, ಅತ್ತೆಯವರು ಎರಡು ವರ್ಷದ ಹಿಂದೆ ತೀರಿಕೊಂಡರು. ಕೇಳಿದಿರಲ್ಲ, ಅಷ್ಟು ಸಾಕು.

ಠಾಣೆ ನರ್ಸ್ · ಮೇ 20, ರಾತ್ರಿ 10:50

ಅಕ್ಕ, ನಾಳೆ ಡ್ಯೂಟಿ ಮುಗಿಸಿ ನಿಮಗೆ ಫೋನ್ ಮಾಡುತ್ತೇನೆ. ಮೊದಲ ತಂಡಕ್ಕೆ ನಮ್ಮ ವಾರ್ಡಿನ ಇಬ್ಬರು ಹುಡುಗಿಯರನ್ನು ಕೇಳಿದ್ದೇನೆ. ಒಬ್ಬಳು ಗೋಕಾಕದವಳು. ಅವಳು ಹ್ಞೂಂ ಅಂದಳು.

ಮ್ಹಾಪ್ಸಾ ಚಾಲಕ, ಗೋವಾ · ಮೇ 21, ಬೆಳಗ್ಗೆ 5:30

ಮೊದಲ ಲಾರಿ ನಾನು ಓಡಿಸುತ್ತೇನೆ. ಮಾಲೀಕರ ಹತ್ತಿರ ಮಾತಾಡಿದೆ. ಡೀಸೆಲ್ ಮಾತ್ರ ಕೊಡಿ ಅಂದರು.

ಚಾಕಣ್ ಗೋದಾಮು, ಪುಣೆ · ಮೇ 21, ಬೆಳಗ್ಗೆ 7:15

ಈ ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೋಗುತ್ತಿದ್ದೇನೆ. ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಅವರು ನಿವೃತ್ತರಾಗಿದ್ದಾರೆ. ಆ ದಾಸ್ತಾನು ಪುಸ್ತಕ ಇನ್ನೂ ಅವರ ಮನೆಯಲ್ಲೇ ಇದೆಯಂತೆ, ಕೊಡುತ್ತೇನೆ ಎಂದರು. ಶಾಲೆಯ ಕೀಲಿ ಈಗ ಯಾರ ಹತ್ತಿರ ಇದೆ ಎಂದು ವಿಚಾರಿಸಿ, ಎರಡನೇ ಕೀಲಿ ಯಾರ ಕೈಯಲ್ಲಿ ಇರಬೇಕು ಎಂದು ಮುಖ್ಯೋಪಾಧ್ಯಾಯರ ಜೊತೆ ಮಾತಾಡುತ್ತೇನೆ. ಹಾಲ್‌ಗೆ ಹಿಂದೆ ಇನ್ನೊಂದು ಬಾಗಿಲಿದೆ ಎಂದು ಮೇಷ್ಟ್ರು ಹೇಳಿದರು. ಅದರ ಮುಂದೆ ಹಳೆ ಕಪಾಟು ಇಟ್ಟಿದ್ದಾರಂತೆ. ಟೇಪ್ ಒಯ್ಯುತ್ತೇನೆ. ಎರಡೂ ಬಾಗಿಲ ಅಗಲ ಅಳೆದು ಭಾನುವಾರ ಸಂಜೆ ಇಲ್ಲಿ ಬರೆಯುತ್ತೇನೆ.